ತಾನಾಗಿಯೇ ನಿಲ್ಲುವ ಕಂಪ್ರೆಸರ್

ಫ್ರೆಡರಿಕ್ಸ್‌ಹಾವ್ನ್
೧೨ ಸೆಪ್ಟೆಂಬರ್ ೨೦೧೮

ಪ್ರಿಯ ಸಿಡ್ಸೆಲ್,

ಲಕೋಟೆಯ ಹಿಂದಿನ ಹೆಸರು ನೋಡಿಯೇ ನೀನು ಇದನ್ನು ಹರಿದು ಹಾಕದಿದ್ದರೆ ನನ್ನ ಪುಣ್ಯ. ನಾನು ಐನಾರ್ ರಾವ್ನ್‌ಕಿಲ್ಡ. ಆರನೇ ತರಗತಿಯಲ್ಲಿ ನಿನಗೆ ವಿಜ್ಞಾನ ಕಲಿಸಿದವನು. ನಿವೃತ್ತನಾಗಿ ಏಳು ವರ್ಷವಾಯಿತು. ನಿನ್ನ ವಿಳಾಸ ಕೊಟ್ಟದ್ದು ನಿನ್ನ ತರಗತಿಯಲ್ಲಿದ್ದ ಕಮಿಲ್ಲಾ. ಅವಳೀಗ ಇಲ್ಲಿಯ ಗ್ರಂಥಾಲಯದಲ್ಲಿದ್ದಾಳೆ. ಕೊಡುವ ಮೊದಲು ಬಹಳ ಯೋಚಿಸಿದಳು.

ನಮ್ಮ ಶಾಲೆಯನ್ನು ಬರುವ ಬೇಸಿಗೆಯಲ್ಲಿ ಮುಚ್ಚುತ್ತಾರೆ. ಪ್ರಯೋಗಾಲಯದ ಕಪಾಟಿನಲ್ಲಿ ನಿಮ್ಮ ಸಾಮಾನುಗಳಿವೆ, ತೆಗೆದುಕೊಂಡು ಹೋಗಿ ಎಂದು ಜವಾನ ಫೋನ್ ಮಾಡಿದ. ಹೋದೆ. ಮೇಲಿನ ಅಟ್ಟಣೆಯಲ್ಲಿ ಬಾಳೆಹಣ್ಣಿನ ಒಂದು ಪೆಟ್ಟಿಗೆ. ಅದರ ಮೇಲೆ ನನ್ನದೇ ಅಕ್ಷರ: ‘ಎಸ್. ಟ್ರಾನ್‌ಹೋಲ್ಮ್, ೬’. ಒಳಗೆ ನೀನು ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ ಕಂಪ್ರೆಸರ್. ಬೂದು ಮೋಟಾರು, ಅದರ ಆಚೆಗೊಂದು ಈಚೆಗೊಂದು ಪುಟ್ಟ ಪಂಪು, ನೀಲಿ ಗಾಳಿ ಡಬ್ಬಿ, ಗಾಳಿಯ ಒತ್ತಡಕ್ಕೆ ಮುಂದೆ ಬರುವ ಒಂದು ದಂಡ, ಹಿಡಿಯಿರುವ ಸ್ವಿಚ್ಚು. ಅದರ ಅಡಿಯಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್ಕು.

ಶಾಲೆಯ ವಿಜ್ಞಾನ ಪ್ರದರ್ಶನದ ಮರುದಿನ ನೀನು ಯಂತ್ರವನ್ನು ಮನೆಗೆ ಒಯ್ಯಲು ಬರಲಿಲ್ಲ. ಒಂದು ವಾರ ಕಾದು ನಾನೇ ಅದನ್ನು ನೀನು ತಂದಿದ್ದ ಪೆಟ್ಟಿಗೆಗೇ ಹಾಕಿ ಮೇಲಿಟ್ಟೆ. ಅಂದಿನಿಂದ ಹದಿನೆಂಟು ವರ್ಷ ಮುಚ್ಚಳ ತೆರೆದಿರಲಿಲ್ಲ. ನಿವೃತ್ತನಾಗುವವರೆಗೆ ಹನ್ನೊಂದು ವರ್ಷ ಅದರ ಕೆಳಗೇ ನಿಂತು ಪಾಠ ಮಾಡಿದ್ದೇನೆ.

ಮೊನ್ನೆ ಅಲ್ಲೇ ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕನ್ನು ಓದಿ ಮುಗಿಸಿದೆ. ಜನವರಿ ಒಂಬತ್ತರಿಂದ ಏಪ್ರಿಲ್ ಇಪ್ಪತ್ತರವರೆಗೆ. ನಿನ್ನ ಕಾಗುಣಿತ ಇದರಲ್ಲೂ ತರಗತಿಯಲ್ಲಿದ್ದ ಹಾಗೇ ಇದೆ. “ಒಂದೇ ಪಂಪು. ಮೋಟರು ಮುಕ್ಕರಿಯುತ್ತೆ. ಒತುವಾಗ ಕಷ್ಟ, ಬಿಡುವಾಗ ಸುಲಬ.” ಮುಂದಿನ ಪುಟ: “ಎರಡು ಪಂಪು. ಒಂದು ಒತ್ತುವಾಗ ಇನ್ನೊಂದು ಬಿಡಬೇಕು. ಈಗ ಮೋಟರು ಹಾಡುತ್ತೆ.” ಆಮೇಲೆ ರಬ್ಬರ್ ಬ್ಯಾಂಡುಗಳ ಆರು ಪುಟ. “ತೆಳು ರಬ್ಬರು: ಬೇಗ ನಿಂತಿತು. ಪೋಸ್ಟಿನವರ ದಪ್ಪ ರಬ್ಬರು: ನಿಲಲೇ ಇಲ್ಲ, ಹೋಸು ಕಿತ್ತು ಹಾರಿತು. ಮೂಲಂಗಿ ಕಟ್ಟಿನ ರಬ್ಬರು ಎರಡು: ಸರಿ.” ಆ ‘ಸರಿ’ಯ ಸುತ್ತ ಸೂರ್ಯನ ಹಾಗೆ ಗೆರೆ ಎಳೆದಿದ್ದೀಯ.

ಪ್ರದರ್ಶನದ ಹಿಂದಿನ ದಿನ ಎಲ್ಲರೂ ಯಂತ್ರ ಜೋಡಿಸುವಾಗ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ. ಡಬ್ಬಿ ತುಂಬಿದೊಡನೆ ನಿನ್ನ ಕಂಪ್ರೆಸರ್ ತಾನಾಗಿಯೇ ನಿಂತಿತು. ಯಾರೋ ಗಾಳಿ ಬಿಟ್ಟರು, ತಾನಾಗಿಯೇ ಮತ್ತೆ ಹೊರಟಿತು. ಹನ್ನೆರಡು ವರ್ಷದ ಹುಡುಗಿಗೆ ಇದು ಹೊಳೆಯುವ ಮಾತಲ್ಲ, ಅಪ್ಪ ಹಡಗು ಕಟ್ಟುವ ಯಾರ್ಡಿನಲ್ಲಿದ್ದವನು, ಅವನದೇ ಕೈ ಎಂದು ತೀರ್ಮಾನಿಸಿದೆ. ಮರುದಿನ ನಿನ್ನ ಹೆಸರಿನ ಚೀಟಿ ತೆಗೆದು ‘ಪೋಷಕರು ಮಾಡಿದ್ದು’ ಎಂದು ಬರೆದಿಟ್ಟೆ. ಸ್ಪರ್ಧೆಯ ಮೇಜಿನಿಂದ ಎತ್ತಿ ಕಿಟಕಿಯ ಬಳಿ ಸರಿಸಿದೆ. ನೀನು ಏನೂ ಹೇಳಲಿಲ್ಲ. ಮೌನವನ್ನು ಒಪ್ಪಿಗೆ ಎಂದುಕೊಂಡೆ.

ತಪ್ಪು ನನ್ನದು. ನಾಲ್ಕು ತಿಂಗಳ ಸಾಕ್ಷಿ ಆ ಪೆಟ್ಟಿಗೆಯಲ್ಲೇ ಇತ್ತು. ನಾನು ಬಗ್ಗಿ ನೋಡಲಿಲ್ಲ. ಕ್ಷಮಿಸು ಎಂದು ಕೇಳುತ್ತಿದ್ದೇನೆ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಇಂತಿ,
ಐನಾರ್

*

ಲೆಮ್‌ವಿಗ್
೭ ಅಕ್ಟೋಬರ್ ೨೦೧೮

ಐನಾರ್,

ಕಾಗದ ಬಂತು. ಓದಿದೆ. ಮೂರು ವಾರ ವ್ಯಾನಿನಲ್ಲೇ ಇತ್ತು.

ನೀವು ಚೆನ್ನಾಗಿ ಬರೆಯುತ್ತೀರಿ. ಆಗಲೂ ಚೆನ್ನಾಗಿಯೇ ಬರೆದಿದ್ದಿರಿ. ‘ಪೋಷಕರು ಮಾಡಿದ್ದು’ ಎಂಬುದನ್ನು ದುಂಡು ಅಕ್ಷರದಲ್ಲಿ, ಹಸಿರು ಶಾಯಿಯಲ್ಲಿ.

ನಾನೀಗ ಹಾಲು ಕರೆಯುವ ಯಂತ್ರಗಳ ರಿಪೇರಿ ಮಾಡುತ್ತೇನೆ. ಗಾಳಿ ತುಂಬುವ ಪಂಪುಗಳಲ್ಲ, ಗಾಳಿ ಎಳೆಯುವ ಪಂಪುಗಳು. ಈ ಕೆಲಸಕ್ಕೆ ಬರುವ ಮೊದಲು ಎಂಟು ವರ್ಷ ಮೀನು ಕೊಯ್ಯುವ ಶೆಡ್ಡಿನಲ್ಲಿದ್ದೆ. ನಿಮ್ಮ ಮೇಲೆ ಹೊರೆ ಹಾಕಲೆಂದು ಇದನ್ನು ಬರೆಯುತ್ತಿಲ್ಲ. ಯಂತ್ರಗಳ ಶಾಲೆಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹಾಕಲಿಲ್ಲ, ಅಷ್ಟೆ.

ಪೆಟ್ಟಿಗೆ ನನಗೆ ಬೇಡ. ಎಸೆಯಿರಿ.

ಸಿಡ್ಸೆಲ್ ಟ್ರಾನ್‌ಹೋಲ್ಮ್

*

ಫ್ರೆಡರಿಕ್ಸ್‌ಹಾವ್ನ್
೨೮ ಅಕ್ಟೋಬರ್ ೨೦೧೮

ಪ್ರಿಯ ಸಿಡ್ಸೆಲ್,

ಎಸೆಯಲಿಲ್ಲ. ಕಸದ ಡಬ್ಬಿಯವರೆಗೂ ಒಯ್ದು ವಾಪಸು ತಂದೆ. ಪಕ್ಕದ ಮನೆಯ ಹೆಂಗಸು ಬೇಲಿಯ ಮೇಲಿಂದ, “ಏನು ಐನಾರ್, ಮನಸ್ಸು ಬದಲಾಯ್ತಾ?” ಎಂದಳು. ಹೌದೆಂದೆ.

ಈಗ ಅದು ನನ್ನ ಊಟದ ಮೇಜಿನ ಮೇಲಿದೆ. ಗಾಳಿ ಸಾಗಿಸುವ ಹಳೆಯ ಹೋಸುಗಳು ಬೆರಳು ತಾಗಿದರೆ ಪುಡಿಯಾಗುತ್ತಿದ್ದವು. ಮೀನು ಸಾಕುವವರ ಅಂಗಡಿಯಿಂದ ಹೊಸ ಹೋಸು ತಂದೆ, ಬಿಗಿಯಾಗಿ ಕೂರುತ್ತದೆ. ಮೋಟಾರು ಇನ್ನೂ ಗಟ್ಟಿಯಾಗಿದೆ. ಮೂಲಂಗಿ ರಬ್ಬರುಗಳು ಕರಗಿ ಅಂಟಾಗಿದ್ದವು. ಹಾಗಾಗಿ ಎರಡು ವಾರದಿಂದ ದಿನವೂ ಮೂಲಂಗಿ ತಿನ್ನುತ್ತಿದ್ದೇನೆ.

ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನಿನ್ನ ಯಂತ್ರ ಗಾಳಿ ತುಂಬಿಕೊಂಡು ಸರಿಯಾಗಿ ನಿಲ್ಲುತ್ತದೆ. ಗಾಳಿ ಬಿಟ್ಟರೆ ಮಾತ್ರ ಮತ್ತೆ ಹೊರಡುವುದಿಲ್ಲ. ಪ್ರತಿ ಸಲ ಬೆರಳಿನಿಂದ ಸ್ವಿಚ್ಚು ತಳ್ಳಬೇಕು. ಮೂವತ್ತೆಂಟು ವರ್ಷ ವಿಜ್ಞಾನ ಕಲಿಸಿದ ನನಗೆ ಇದು ಬಗೆಹರಿಯುತ್ತಿಲ್ಲ.

ಇನ್ನೊಂದು ಮಾತು. ಜೂನಿನಲ್ಲಿ ಶಾಲೆಯ ಬೀಳ್ಕೊಡುಗೆ ಸಮಾರಂಭ. ನಾಲ್ಕು ಮಾತಾಡಿ ಎಂದು ನನ್ನನ್ನು ಕೇಳಿದ್ದಾರೆ. ಅಲ್ಲಿ ಎಲ್ಲರ ಎದುರು ನಡೆದದ್ದನ್ನು ಹೇಳಬೇಕೆಂದಿದ್ದೇನೆ. ಅದಕ್ಕೂ ಮೊದಲು ಊರಿನ ಪತ್ರಿಕೆಗೆ ಒಂದು ಸಣ್ಣ ತಿದ್ದುಪಡಿ ಬರೆಯುತ್ತೇನೆ. ಎಲ್ಲರ ಮುಂದೆ ಕಸಿದುಕೊಂಡದ್ದನ್ನು ಎಲ್ಲರ ಮುಂದೆಯೇ ಹಿಂತಿರುಗಿಸಬೇಕಲ್ಲವೇ?

ಇಂತಿ,
ಐನಾರ್

*

ಲೆಮ್‌ವಿಗ್
೧೮ ನವೆಂಬರ್ ೨೦೧೮

ಐನಾರ್,

ರಬ್ಬರನ್ನು ದಂಡಕ್ಕೆ ಕಟ್ಟಿದ್ದೀರಿ. ಅದನ್ನು ಸ್ವಿಚ್ಚಿನ ಹಿಡಿಗೆ ಕಟ್ಟಬೇಕು. ಗಾಳಿ ಹೆಚ್ಚಾದಾಗ ದಂಡ ಮುಂದೆ ಬಂದು ಹಿಡಿಯನ್ನು ತಳ್ಳುತ್ತದೆ, ಮೋಟಾರು ನಿಲ್ಲುತ್ತದೆ. ಗಾಳಿ ಇಳಿದಾಗ ನಿಮ್ಮ ದಂಡ ಹಿಂದೆ ಹೋಗುತ್ತದೆ, ಹಿಡಿ ಮಾತ್ರ ಹೋದಲ್ಲೇ ಕೂತಿರುತ್ತದೆ. ಅದನ್ನು ಎಳೆದು ತರುವವರು ಯಾರು? ನೋಟ್‌ಬುಕ್ಕಿನ ಹದಿನಾಲ್ಕನೇ ಪುಟದಲ್ಲಿ ಚಿತ್ರವಿದೆ.

ಇದನ್ನು ಬರೆಯಬಾರದೆಂದೇ ಇದ್ದೆ. ತಪ್ಪಾಗಿ ಕಟ್ಟಿದ ಯಂತ್ರ ಎಲ್ಲೋ ಒಂದು ಮೇಜಿನ ಮೇಲಿದೆ ಎಂದು ಗೊತ್ತಾದರೆ ನನಗೆ ಊಟ ಸೇರುವುದಿಲ್ಲ.

ಪತ್ರಿಕೆಗೆ ಬರೆಯಬೇಡಿ. ಸಮಾರಂಭದಲ್ಲೂ ಹೇಳಬೇಡಿ. ಯಾಕೆಂದು ನಿಮಗೆ ತಿಳಿಯಬೇಕು.

ಪ್ರದರ್ಶನದ ಹಿಂದಿನ ದಿನ ನೀವು ನಮ್ಮ ಮನೆಗೆ ಫೋನ್ ಮಾಡಿದಿರಿ. ಅಪ್ಪ ಅಡುಗೆಮನೆಯಲ್ಲಿ ಫೋನೆತ್ತಿದ. ನಾನು ನಡುಮನೆಯಿಂದ ಬರುತ್ತಿದ್ದವಳು ಬಾಗಿಲ ಹತ್ತಿರ ನಿಂತೆ. ನೀವು ಏನು ಕೇಳಿದಿರೋ ನನಗೆ ಕೇಳಿಸಲಿಲ್ಲ. ಅಪ್ಪ ಹೇಳಿದ್ದು ಕೇಳಿಸಿತು. “ಹೂಂ... ನಾನೂ ಸ್ವಲ್ಪ ಕೈ ಹಾಕ್ದೆ ಅನ್ನಿ.” ಆಮೇಲೆ ನಕ್ಕ. ಆಮೇಲೆ, “ಹೌದು ಹೌದು, ಆ ನಿಲ್ಲೋ ವ್ಯವಸ್ಥೆ ನಂದೇ ಅನ್ನಿ.”

ಅಪ್ಪ ಅದನ್ನು ಮುಟ್ಟಿಯೂ ಇರಲಿಲ್ಲ. ಯಾರ್ಡು ಮುಚ್ಚಿ ಆಗ ವರ್ಷವಾಗಿತ್ತು. ಇಡೀ ದಿನ ಸೋಫಾದ ಮೇಲೆ ಕೂತಿರುತ್ತಿದ್ದ. ನಾನು ನೆಲದ ಮೇಲೆ ಅವನ ಕಾಲಿನ ಹತ್ತಿರವೇ ಕೂತು ಕಟ್ಟುತ್ತಿದ್ದೆ. ಒಂದು ಸಲವೂ ಏನಿದು ಎಂದು ಕೇಳಲಿಲ್ಲ.

ಹಾಗಾಗಿ ಪ್ರದರ್ಶನದ ದಿನ ನಾನೇಕೆ ಮಾತಾಡಲಿಲ್ಲ ಎಂಬುದಕ್ಕೆ ಉತ್ತರ ಇದೇ. ಬಾಯಿಬಿಟ್ಟಿದ್ದರೆ ಎಲ್ಲರೆದುರು ಅಪ್ಪ ಸುಳ್ಳುಗಾರನಾಗುತ್ತಿದ್ದ.

ಈಗಲೂ ಆಗುತ್ತಾನೆ. ಅವನು ಅದೇ ಊರಿನಲ್ಲಿದ್ದಾನೆ. ಅದೇ ಪತ್ರಿಕೆ ಓದುತ್ತಾನೆ.

ನಾವು ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಹದಿನೇಳಕ್ಕೆ ನಾನು ಹಾರ್ಸೆನ್ಸ್‌ಗೆ, ಅಪ್ಪನಿಂದ ಬೇರೆಯಾಗಿದ್ದ ಅಮ್ಮನ ಹತ್ತಿರ ಹೋದೆ. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಹಾಕುತ್ತೇನೆ. ಅವನೂ ಹಾಕುತ್ತಾನೆ.

ಸಿಡ್ಸೆಲ್

*

ಫ್ರೆಡರಿಕ್ಸ್‌ಹಾವ್ನ್
೨೫ ನವೆಂಬರ್ ೨೦೧೮

ಪ್ರಿಯ ಸಿಡ್ಸೆಲ್,

ನಿನ್ನ ಕಾಗದ ಗುರುವಾರ ಬಂತು. ಅದರ ಹಿಂದಿನ ಸೋಮವಾರ ನಾನು ನಿನ್ನ ಅಪ್ಪನನ್ನು ನೋಡಲು ಹೋಗಿದ್ದೆ. ಇದನ್ನು ಮುಚ್ಚಿಟ್ಟರೆ ಒಳ್ಳೆಯದು ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ.

ಪತ್ರಿಕೆಗೆ ಬರೆಯುವ ಮೊದಲು ಅವನಿಗೊಂದು ಮಾತು ತಿಳಿಸುವುದು ಮರ್ಯಾದೆ ಎಂದು ಹೋದೆ. ಅಂಗಡಿಯಲ್ಲಿ ಎದುರಾದರೆ ತಲೆಯಾಡಿಸುವಷ್ಟು ಪರಿಚಯ ನಮ್ಮದು. ಎರಡು ವರ್ಷದಿಂದ ಅವನು ಅಂಗಡಿಯಲ್ಲಿ ಕಂಡಿರಲಿಲ್ಲ. ನಾನೂ ಯಾಕೆಂದು ವಿಚಾರಿಸಿರಲಿಲ್ಲ.

ನೆಲಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಮೂಗಿಗೆ ಕೊಳವೆ ಹಾಕಿಕೊಂಡಿದ್ದ. ಅದು ನೆಲದ ಮೇಲೆ ಹಾವಿನ ಹಾಗೆ ಹರಿದು ಮಲಗುವ ಕೋಣೆಯೊಳಗಿನ ಯಂತ್ರಕ್ಕೆ ಹೋಗುತ್ತಿತ್ತು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ. ಬೆಸುಗೆಯ ಹೊಗೆ ಶ್ವಾಸಕೋಶವನ್ನು ತಿಂದುಹಾಕಿದೆಯಂತೆ. “ಮಗಳಿಗೆ ಹೇಳ್ಬೇಡಿ” ಎಂದ. ಹೂಂ ಎಂದೆ. ಈಗ ಹೇಳುತ್ತಿದ್ದೇನೆ.

ಕಾಫಿ ಮಾಡಿದ್ದು ನಾನು. ಅವನು ಕೂತಲ್ಲಿಂದಲೇ ಕಪ್ಪು ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ಹೇಳಿದ. ನಾನು ನೋಟ್‌ಬುಕ್ಕಿನ ವಿಷಯ ತೆಗೆದೆ. ಅವನು ಕಿಟಕಿಯ ಕಡೆ ನೋಡಿದ.

“ನೀವು ಫೋನ್ ಮಾಡಿದ್ದು ನೆನಪಿದೆ” ಎಂದ. “ಆ ವರ್ಷ ನಂಗೆ ಫೋನ್ ಮಾಡ್ತಿದ್ದೋರು ಯಾರೂ ಇರ್ಲಿಲ್ಲ. ಬರೀ ಕೆಲಸದ ಕಚೇರಿಯೋರು. ಎಷ್ಟು ಕಡೆ ಅರ್ಜಿ ಹಾಕ್ದೆ, ಯಾಕೆ ಹಾಕ್ಲಿಲ್ಲ ಅಂತ.”

ಕಾಫಿಯ ಕಪ್ಪನ್ನು ಅವನ ಕೈಗೆ ಎಟಕುವಷ್ಟು ಹತ್ತಿರ ಸರಿಸಿದೆ.

“ನೀವೇನಂದ್ರಿ ಗೊತ್ತಾ? ‘ವೆರ್ನರ್, ಇಪ್ಪತ್ತು ವರ್ಷ ಪಳಗಿದ ಕೈ ಮಾತ್ರ ಇಂಥದ್ದು ಮಾಡೋಕ್ಕಾಗೋದು’ ಅಂದ್ರಿ. ಇಲ್ಲ ಅನ್ನೋಣ ಅಂತಾನೇ ಬಾಯಿ ತೆಗ್ದೆ. ಆ ಮಾತು ಇನ್ನೊಂದ್ಚೂರು ಕಿವೀಲಿ ಇರ್ಲಿ ಅನ್ನಿಸ್ತು. ಅಷ್ಟರಲ್ಲಿ ಬಾಯಿ ಹೂಂ ಅಂದುಬಿಟ್ಟಿತ್ತು.”

ಸಿಡ್ಸೆಲ್, ಆ ಮಾತು ನಾನು ಹೇಳಿದ್ದೇ. ಬಾಯಿಗೆ ಉತ್ತರ ಇಟ್ಟು ಪ್ರಶ್ನೆ ಕೇಳಿದ್ದೆ. ಕೆಲಸ ಕಳೆದುಕೊಂಡು ಕೂತವನಿಗೆ ಅದು ಎಂಥ ಆಮಿಷವೆಂದು ನನಗೆ ಹೊಳೆಯಲಿಲ್ಲ. ಮೊದಲನೆಯ ಕಾಗದದಲ್ಲಿ ಆ ಫೋನಿನ ವಿಷಯವನ್ನೇ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ಪತ್ರಿಕೆಗೆ ಬರೆಯುವುದಿಲ್ಲ.

ಇಂತಿ,
ಐನಾರ್

*

ಲೆಮ್‌ವಿಗ್
೨ ಡಿಸೆಂಬರ್ ೨೦೧೮

ಐನಾರ್,

ಆಗಲೂ ನನ್ನನ್ನು ಬಿಟ್ಟು ಅವನನ್ನು ಕೇಳಿದಿರಿ. ಈಗಲೂ ನನ್ನನ್ನು ಬಿಟ್ಟು ಅವನ ಹತ್ತಿರ ಹೋದಿರಿ. ನಾನು ಉತ್ತರ ಬರೆಯುವವರೆಗೆ ಕಾಯುವಷ್ಟು ತಾಳ್ಮೆಯೂ ನಿಮಗಿರಲಿಲ್ಲ.

ಅವನ ಕಾಯಿಲೆಯ ವಿಷಯ ನನಗೆ ನಿಮ್ಮಿಂದ ತಿಳಿಯಬೇಕಾಯಿತು. ಅದಕ್ಕೆ ಸಿಟ್ಟು ಯಾರ ಮೇಲೆ ಮಾಡಬೇಕೋ ಗೊತ್ತಾಗುತ್ತಿಲ್ಲ. ಹಾಗಾಗಿ ನಿಮ್ಮ ಮೇಲೆಯೇ ಇರಲಿ.

ಇನ್ನು ಬರೆಯಬೇಡಿ.

ಸಿಡ್ಸೆಲ್

*

೧೧ ಫೆಬ್ರವರಿ ೨೦೧೯

ಸಿಡ್ಸೆಲ್,

ಬರೆಯಬೇಡ ಎಂದಿದ್ದೀಯ. ಇದು ಕಾಗದವಲ್ಲ, ಪಾರ್ಸೆಲ್ಲಿನೊಳಗಿನ ಚೀಟಿ.

ರಬ್ಬರನ್ನು ಹಿಡಿಗೆ ಕಟ್ಟಿದೆ. ನಿಲ್ಲುತ್ತದೆ, ಹೊರಡುತ್ತದೆ. ಇದು ನಿನ್ನದು, ನನ್ನ ಮೇಜಿನ ಮೇಲೆ ಇರಬಾರದು. ನೋಟ್‌ಬುಕ್ಕು ಅಡಿಯಲ್ಲಿದೆ. ಬ್ಯಾಟರಿ ಹೊಸದು.

ಐನಾರ್

*

ಲೆಮ್‌ವಿಗ್
೨೨ ಏಪ್ರಿಲ್ ೨೦೧೯

ಐನಾರ್,

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ. ಇದನ್ನು ಹೇಳಲು ಬೇರೆ ಯಾರೂ ಇಲ್ಲ. ಅಮ್ಮನಿಗೆ ಹೇಳಿದರೆ ಅಪ್ಪನನ್ನು ಬೈಯುತ್ತಾಳೆ, ಜೊತೆಗೆ ಕೆಲಸ ಮಾಡುವವರಿಗೆ ಹೇಳಿದರೆ ನಗುತ್ತಾರೆ.

ಪಾರ್ಸೆಲ್ಲು ಒಂದು ತಿಂಗಳು ವರ್ಕ್‌ಷಾಪಿನಲ್ಲಿ ಬಿದ್ದಿತ್ತು. ಆಮೇಲೆ ತೆಗೆದೆ. ನೀವು ಹೋಸನ್ನು ಬೇಕಾದ್ದಕ್ಕಿಂತ ಉದ್ದ ಬಿಟ್ಟಿದ್ದಿರಿ, ಕತ್ತರಿಸಿದೆ. ಮಿಕ್ಕದ್ದೆಲ್ಲ ಸರಿಯಿತ್ತು.

ಈಸ್ಟರಿನ ಮುಂಚಿನ ಭಾನುವಾರ ಅಪ್ಪನ ಮನೆಗೆ ಹೋದೆ. ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಬೇಡ ಎನ್ನುತ್ತಿದ್ದ. ಬೆಲ್ಲು ಒತ್ತಿ ನಿಂತೆ. ಕೊಳವೆ ನೆಲದ ಮೇಲೆ ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಬಾಗಿಲು ತೆರೆದವನು ನನ್ನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಪೆಟ್ಟಿಗೆ ನೋಡಿದ.

“ಒಳಗೆ ಬಾ. ಗಾಳಿ ಬೀಸ್ತಿದೆ” ಎಂದ. ಹದಿನಾಲ್ಕು ವರ್ಷದ ಮೇಲೆ ಅವನ ಮನೆ ಬಾಗಿಲಲ್ಲಿ ಕೇಳಿದ ಮೊದಲ ಮಾತು ಅದು.

ಎಷ್ಟು ಸಣ್ಣಗಾಗಿದ್ದಾನೆ ಎಂದು ನೀವು ಬರೆದಿರಲಿಲ್ಲ. ಬರೆದಿದ್ದರೂ ನಂಬುತ್ತಿರಲಿಲ್ಲ. ಯಾರ್ಡಿನ ಕೋಟು ಭುಜದಲ್ಲಿ ಬಿಗಿಯುತ್ತದೆ ಎಂದು ಬೈಯುತ್ತಿದ್ದ ಮನುಷ್ಯ.

ಯಂತ್ರವನ್ನು ಮೇಜಿನ ಮೇಲಿಟ್ಟೆ. ಇಬ್ಬರೂ ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದೆವು. ಹವೆ, ನನ್ನ ವ್ಯಾನು, ಹಾಲಿನವರು. ಅಷ್ಟರಲ್ಲಿ ಮನೆಗೆ ಬಂದು ನೋಡಿಕೊಳ್ಳುವ ಹೆಂಗಸು ಬಂದಳು. ಲೋನೆ ಅಂತ, ಜೋರು ದನಿಯವಳು. ಅವನ ಕಾಲಿಗೆ ಬಿಗಿ ಸಾಕ್ಸು ಹಾಕಲು ಬಂದಿದ್ದಳು. ಮೇಜು ನೋಡಿ ಸೊಂಟಕ್ಕೆ ಕೈಯಿಟ್ಟಳು.

“ಏನಿದು ವೆರ್ನರ್, ಈ ವಯಸ್ಸಲ್ಲಿ ಆಟದ ಸಾಮಾನಾ? ನೀನೇ ಮಾಡಿದ್ದಾ?”

ಅಪ್ಪ ಉಸಿರು ಎಳೆದುಕೊಂಡ. ಅವನಿಗೆ ಈಗ ಒಂದು ಮಾತಿಗೆ ಒಂದು ಉಸಿರು ಬೇಕು.

“ಅಲ್ಲ. ಅವಳದ್ದು.” ಮತ್ತೊಂದು ಉಸಿರು. “ನನ್ ಮಗಳು. ಆಗ ಹನ್ನೆರಡು ವರ್ಷ ಅವಳಿಗೆ. ಒಬ್ಬಳೇ ಮಾಡಿದ್ದು.” ಇನ್ನೊಂದು. “ನಾನ್ ಮಾಡ್ದೆ ಅಂತ ಹೇಳಿದ್ದೆ ಒಂದ್ಸಲ. ಸುಳ್ಳು ಅದು.”

“ಹೌದಾ” ಎಂದಳು ಲೋನೆ. “ಜಾಣೆ. ಸರಿ, ಎಡಗಾಲು ಕೊಡು.”

ಅಷ್ಟೇ, ಐನಾರ್. ಸಾಕ್ಸು ಹಾಕಿದಳು, ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಏನೋ ಬರೆದಳು, ಹೋದಳು. ಚಾವಣಿ ಕಳಚಿ ಬೀಳಲಿಲ್ಲ. ಇಷ್ಟು ಸಣ್ಣ ಮಾತಿಗೆ ನಾನು ಅಷ್ಟು ವರ್ಷ ಕಾದೆನಾ ಎನ್ನಿಸಿತು. ಖುಷಿಯಾಗಲಿಲ್ಲ.

ಅವಳು ಹೋದ ಮೇಲೆ ಅಪ್ಪ ಹೇಳಿದ: “ಅವತ್ತು ನೀನು ಬಾಗಿಲ ಹತ್ರ ನಿಂತಿದ್ದೆ.”

“ನಿಂತಿದ್ದೆ.”

“ನೋಡ್ದೆ ನಾನು. ಫೋನ್ ಇಡೋವಾಗ ನಿನ್ನ ಸಾಕ್ಸು ಕಾಣಿಸ್ತು. ಕೆಂಪು ಸಾಕ್ಸು.”

ನಾನು ಕೇಳಿಸಿಕೊಂಡೆನೆಂದು ಅವನಿಗೆ ಗೊತ್ತಿಲ್ಲ ಎಂದೇ ನಾನು ಬದುಕಿದ್ದೆ. ಅವನಿಗೆ ಗೊತ್ತಿದೆಯೆಂದು ನನಗೆ ಗೊತ್ತಿಲ್ಲ ಎಂದು ಅವನು. ಒಂದೇ ಮನೆಯಲ್ಲಿ ಐದು ವರ್ಷ ಇಬ್ಬರೂ ಹೀಗೇ ತಟ್ಟೆ ತೊಳೆದೆವು.

“ಕ್ಷಮಿಸು ಸಿಡ್ಸೆಲ್” ಎಂದ. ಹೂಂ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನಮ್ಮಿಬ್ಬರಿಗೂ ಬರುವುದಿಲ್ಲ.

ಆಮೇಲೆ ಅವನು ಕೇಳಿದ, “ಅದಕ್ಕೆ ಹೇಗೆ ಗೊತ್ತಾಗುತ್ತೆ, ಸಾಕು ಅಂತ?”

ಇದು ನಿಮಗೆ ತಿಳಿಯದ ಕಥೆ. ನನಗೆ ಹನ್ನೊಂದು ವರ್ಷವಿದ್ದಾಗ ಯಾರ್ಡಿನಲ್ಲಿ ಕುಟುಂಬದವರ ದಿನ ಅಂತ ಮಾಡಿದ್ದರು. ಶೆಡ್ಡಿನ ಹಿಂದೆ ಮನೆಯಷ್ಟು ದೊಡ್ಡ ಕಂಪ್ರೆಸರ್ ಇತ್ತು. ಗುಡುಗುತ್ತಿದ್ದದ್ದು ಥಟ್ಟನೆ ನಿಂತಿತು, ಯಾರೂ ಮುಟ್ಟದೆ. ಇದೇ ಪ್ರಶ್ನೆಯನ್ನು ನಾನು ಅಪ್ಪನಿಗೆ ಕೇಳಿದ್ದೆ. “ಹೋಗು, ಕೇಕ್ ತಿನ್ನು” ಎಂದಿದ್ದ. ನನ್ನಂಥವಳಿಗೆ ಹೇಳಿ ಪ್ರಯೋಜನವಿಲ್ಲವೆಂದೇ ವಿವರಿಸಲಿಲ್ಲ ಅಂದುಕೊಂಡೆ. ಆ ಹಟದಿಂದಲೇ ಈ ಯಂತ್ರ ಕಟ್ಟಿದ್ದು.

ಅದನ್ನು ನೆನಪಿಸಿದೆ. ಅಪ್ಪ ತಲೆಯಾಡಿಸಿದ.

“ನಂಗೆ ಗೊತ್ತಿದ್ರೆ ತಾನೇ ಹೇಳೋದು. ಬೆಸುಗೆಯೋನು ನಾನು. ಹೋಸ್ ಸಿಕ್ಕಿಸ್ತಿದ್ದೆ, ಗಾಳಿ ಬರ್ತಿತ್ತು.”

“ಗೊತ್ತಿಲ್ಲ ಅಂದಿದ್ರೆ ಏನಾಗ್ತಿತ್ತಪ್ಪ?”

“ಏನೂ ಆಗ್ತಿರ್ಲಿಲ್ಲ. ಅದು ಈಗ ತಿಳೀತಿದೆ.”

ಅವನ ಬೆರಳು ಹಿಡಿದು ಸ್ವಿಚ್ಚಿನ ಹಿಡಿಯ ಮೇಲೆ ಇಟ್ಟೆ. ಮೋಟಾರು ಹಾಕಿದೆ. ದಂಡ ಮೆಲ್ಲಗೆ ಬಂದು ಬೆರಳನ್ನು ಒತ್ತಿತು, ನಿಂತಿತು. ಗಾಳಿ ಬಿಟ್ಟೆ. ರಬ್ಬರು ಎಳೆಯಿತು, ಹೊರಟಿತು. “ಓ” ಎಂದ. “ಇನ್ನೊಂದ್ಸಲ” ಎಂದ. ಎಷ್ಟು ಸಲ ಮಾಡಿದೆವೋ ಲೆಕ್ಕವಿಲ್ಲ. ಬ್ಯಾಟರಿ ಸೋತಾಗ ಬಿಟ್ಟೆವು.

ನಿನ್ನೆಯೂ ಹೋಗಿದ್ದೆ. ಈಗ ಭಾನುವಾರಗಳು ಅವನದ್ದು.

ಸಿಡ್ಸೆಲ್

*

ಫ್ರೆಡರಿಕ್ಸ್‌ಹಾವ್ನ್
೨೯ ಜೂನ್ ೨೦೧೯

ಪ್ರಿಯ ಸಿಡ್ಸೆಲ್,

ನಿನ್ನ ಅಪ್ಪನ ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ನೀನು ಹೂವು ಹೊದಿಸಿದ ಶವಪೆಟ್ಟಿಗೆಯ ಹಿಂದೆ ನಡೆದು ಬರುವಾಗ ನನ್ನ ಕಡೆ ನೋಡಿದೆ ಎನಿಸಿತು. ಆಮೇಲೆ ಮನೆಯವರ ಜೊತೆ ಕಾಫಿಗೆ ನಿಲ್ಲಲು ನನಗೆ ಹಕ್ಕಿಲ್ಲವೆಂದು ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟೆ.

ಮೇ ತಿಂಗಳಿನಲ್ಲಿ ಎರಡು ಸಲ ಅವನ ಮನೆಯ ಬೀದಿಯವರೆಗೆ ಹೋಗಿ ಬಂದಿದ್ದೆ. ಒಳಗೆ ಹೋಗಲಿಲ್ಲ. ನಿನ್ನನ್ನು ಕೇಳದೆ ಆ ಮನೆಗೆ ಮತ್ತೆ ಕಾಲಿಡಬಾರದೆಂದು ನಿಶ್ಚಯಿಸಿದ್ದೆ.

ನಿನ್ನೆ ಶಾಲೆಯ ಸಮಾರಂಭವಾಯಿತು. ಮಾತಾಡಲು ಎದ್ದು ನಿಂತಾಗ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ನೀನು ಬೇಡವೆಂದದ್ದು ಅವನಿಗಾಗಿ. ಅವನೀಗ ಇಲ್ಲ, ಈಗ ಹೇಳಬಹುದು ಎಂದು ಒಳಗೊಬ್ಬ ವಾದ ಮಾಡುತ್ತಿದ್ದ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಅದೇ ಕಾರಣಕ್ಕೆ ಹೇಳಲಿಲ್ಲ. ಸೋರುವ ಚಾವಣಿ, ಬೆಚ್ಚಗಾಗದ ಹೀಟರು, ಓಡಿಹೋದ ಇಲಿಗಳ ಕಥೆ ಹೇಳಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಒಳ್ಳೆಯ ಮೇಷ್ಟ್ರು ಎಂದು ಒಬ್ಬ ಹಳೆಯ ವಿದ್ಯಾರ್ಥಿ ಕೈ ಕುಲುಕಿದ. ಕೈ ಹಿಂದೆ ಎಳೆದುಕೊಳ್ಳಬೇಕೆನಿಸಿತು.

ನನ್ನ ತಂಗಿ ನಿಮ್ಮ ಕಡೆ, ಸ್ಟ್ರೂಯರ್‌ನಲ್ಲಿದ್ದಾಳೆ. ಆಗಸ್ಟಿನಲ್ಲಿ ಒಂದು ವಾರ ಅವಳ ಮನೆಯಲ್ಲಿರುತ್ತೇನೆ. ಅಲ್ಲಿಂದ ಲೆಮ್‌ವಿಗ್ ರೈಲಿನಲ್ಲಿ ಹತ್ತಿರ. ಒಂದು ದಿನ ಬಂದು ಹೋಗಲೇ? ಬೇಡವೆಂದರೆ ಕಾರಣ ಬರೆಯಬೇಕಾಗಿಲ್ಲ.

ಇಂತಿ,
ಐನಾರ್

*

ಲೆಮ್‌ವಿಗ್
೨೧ ಜುಲೈ ೨೦೧೯

ಪ್ರಿಯ ಐನಾರ್,

ಚರ್ಚಿನಲ್ಲಿ ನಿಮ್ಮನ್ನು ನೋಡಿದ್ದೆ. ನಾನಾಗಿ ನಿಮ್ಮ ಹತ್ತಿರ ಬರಲಿಲ್ಲ. ಬರಬಹುದಿತ್ತು.

ಅಪ್ಪನ ಮನೆ ಖಾಲಿ ಮಾಡಿ ಬಂದೆ. ಮೊದಲ ದಿನವೇ ಬಾಡಿಗೆ ಕಂಪನಿಯವರಿಬ್ಬರು ಬಂದು ಆಮ್ಲಜನಕದ ಯಂತ್ರ ಒಯ್ದರು. ಅದು ಹೋದ ಮೇಲೆ ಮನೆ ಎಷ್ಟು ಸದ್ದಿಲ್ಲದ್ದು ಎಂದು ಗೊತ್ತಾಯಿತು. ಅಮ್ಮ ಫೋನಿನಲ್ಲಿ ಕೇಳುತ್ತಲೇ ಇದ್ದಳು, “ನಿಂಗೇಂತ ಏನಾದ್ರೂ ಬರೆದಿಟ್ಟಿದ್ನಾ?” ಇಲ್ಲ. ನಾನೂ ಹುಡುಕಿದೆ, ಸುಳ್ಳೇಕೆ. ಡ್ರಾಯರು, ಕೋಟಿನ ಜೇಬು, ಹಾಸಿಗೆಯ ಅಡಿ, ಎಲ್ಲ ನೋಡಿದೆ. ಹಳೆಯ ಕೀಲಿಕೈಗಳು, ಔಷಧಿ ಚೀಟಿ, ಒಂದು ಮುರಿದ ಕನ್ನಡಕ. ಹೇಳಬೇಕಾದದ್ದನ್ನು ಅವನು ಹೇಳಿಯೇ ಹೋದ. ಬರೆದಿಡಲು ಉಳಿದದ್ದು ಏನೂ ಇರಲಿಲ್ಲವೋ ಏನೋ.

ಏಳು ಭಾನುವಾರ ಸಿಕ್ಕವು. ಎಂಟನೆಯದಕ್ಕೆ ಆಸ್ಪತ್ರೆಯಲ್ಲಿದ್ದ, ನಾನು ಹೋಗುವಷ್ಟರಲ್ಲಿ ಎಚ್ಚರವಿರಲಿಲ್ಲ.

ವ್ಯಾನು ಓಡಿಸುತ್ತಾ ಒಂದೇ ಲೆಕ್ಕ ಹಾಕುತ್ತೇನೆ. ಹಾರ್ಸೆನ್ಸ್‌ಗೆ ಹೋದ ಮೇಲೆ ಕಳೆದ ಏಪ್ರಿಲ್‌ವರೆಗೆ ಎಷ್ಟು ಭಾನುವಾರಗಳಿದ್ದವು ಎಂದು. ಏಳುನೂರು ದಾಟುತ್ತದೆ. ಆ ಫೋನು ನಿಮ್ಮದು, ಆ ಸುಳ್ಳು ಅಪ್ಪನದು, ಒಪ್ಪುತ್ತೇನೆ. ಆ ಭಾನುವಾರಗಳನ್ನು ಒಂದೊಂದಾಗಿ ಬಿಟ್ಟದ್ದು ಮಾತ್ರ ನಾನೇ. ಅದರಲ್ಲಿ ಇನ್ನೊಬ್ಬರ ಕೈಯಿಲ್ಲ. ಹೋಗದಿರಲು ಒಂದು ಒಳ್ಳೆಯ ಕಾರಣ ಸಿಕ್ಕಿತ್ತು, ಅದನ್ನು ಬೆಚ್ಚಗೆ ಇಟ್ಟುಕೊಂಡಿದ್ದೆ. ನೋಯುತ್ತದೆ ಎಂದುಕೊಂಡಿದ್ದೆ, ಅನುಕೂಲವೂ ಆಗುತ್ತಿತ್ತು.

ಸಮಾರಂಭದಲ್ಲಿ ಹೇಳದೆ ಇದ್ದದ್ದಕ್ಕೆ ಉಪಕಾರವಾಯಿತು. ಅದು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಲ್ಲೆ. ಮುಂದೆಯೂ ಹೇಳಬೇಡಿ. ಸತ್ತವನಿಗೆ ಮಾನ ಇಲ್ಲ ಎಂದೇನಿಲ್ಲ.

ಆಗಸ್ಟಿನಲ್ಲಿ ಬನ್ನಿ. ಹದಿನಾಲ್ಕನೇ ತಾರೀಖು ಬುಧವಾರ ನನಗೆ ಮಧ್ಯಾಹ್ನದ ಮೇಲೆ ಕೆಲಸವಿಲ್ಲ.

ಬರುವ ಮೊದಲು ಒಂದು ವಿಷಯ ತಿಳಿದಿರಲಿ. ನೀವು ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಕಾಗದಗಳನ್ನು ಎಸೆದಿಲ್ಲ. ಆದರೆ ನೀವು ಎದುರಿಗೆ ಕೂತಾಗ ನನ್ನ ಬಾಯಿಂದ ‘ಪರವಾಗಿಲ್ಲ ಬಿಡಿ’ ಎಂಬ ಮಾತು ಬರುವುದಿಲ್ಲ. ಬರಿಸಲು ನೋಡಿದೆ, ಕನ್ನಡಿ ಮುಂದೆ ನಿಂತು ನೋಡಿದೆ, ಬರುತ್ತಿಲ್ಲ. ಮುಂದೆಂದಾದರೂ ಬಂದೀತೋ ಗೊತ್ತಿಲ್ಲ. ಆ ಮಾತು ಕೇಳಿಸಿಕೊಳ್ಳದೆಯೂ ನನ್ನ ಜೊತೆ ಕೂತು ಒಂದು ಕಪ್ಪು ಕಾಫಿ ಕುಡಿಯುವುದಾದರೆ ಬನ್ನಿ.

ಎರಡೂ ಇಪ್ಪತ್ತರ ರೈಲು ಹಿಡಿಯಿರಿ. ಸ್ಟೇಷನ್ನಿನಿಂದ ನಮ್ಮ ಮನೆಗೆ ಏರು ದಾರಿ, ನಡೆಯಬೇಡಿ. ವ್ಯಾನು ತರುತ್ತೇನೆ.

ಸಿಡ್ಸೆಲ್